ಕರೆಂಟ್ ಹೋಗಿ ಬಂದ ಮ್ಯಾಲ ಲಿನಕ್ಸ್ ಮಿಂಟ್ ಕರಿ ಪರದೆಗೇ ನಿಂತುಬಿಡ್ತದ – ಫಾರ್ಮ್ಯಾಟ್ ಮಾಡಬೇಕಾ?

ಸೇಡಂ_ರೋಡ್ (ಕಲಬುರಗಿ) ಕೇಳಿದ್ದು:

ನಮ್ಮದು ಝೆರಾಕ್ಸ್, ಆನ್‌ಲೈನ್ ಅರ್ಜಿ ತುಂಬೋ ಅಂಗಡಿ ಅದರಿ. ಹಳೆ ಅಸೆಂಬಲ್ ಪಿಸಿ, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಯುಪಿಎಸ್ ಇಲ್ಲ. ವಿಂಡೋಸ್ ಪೂರಾ ತೆಗೆದು ಮಿಂಟ್ ಎಕ್ಸ್‌ಎಫ್‌ಸಿಇ ಹಾಕೀವಿ. ಈಗ ಕರೆಂಟ್ ಹೋಗಿ ಬಂದ್ರ ಒಮ್ಮೊಮ್ಮೆ ಡೆಸ್ಕ್‌ಟಾಪ್ ಬರೂದೇ ಇಲ್ಲ. ಕರಿ ಪರದೆ ಮ್ಯಾಲ 'ಬಿಜಿಬಾಕ್ಸ್' ಅಂತ ಒಂದು ಸಾಲು, ಕೆಳಗ 'ಇನಿಟ್‌ರಾಮ್‌ಎಫ್‌ಎಸ್' ಅಂತ ಬಂದು ನಿಂತುಬಿಡ್ತದ. ಇನ್ನೊಂದ್ರಿ: ಡೆಸ್ಕ್‌ಟಾಪ್ ಬಂದ್ರೂ ಮುಂಜಾನೆ ಅಂಗಡಿ ತೆಗೆದ ಕೂಡ್ಲೆ ಬ್ರೌಸರ್ ಯಾವ ಸೈಟಿಗೆ ಹೋದ್ರೂ 'ಕನೆಕ್ಷನ್ ಸುರಕ್ಷಿತ ಇಲ್ಲ' ಅಂತದ, ಸ್ವಲ್ಪ ಹೊತ್ತಿಗೆ ತಾನೇ ಸರಿ ಆಗ್ತದ. ಎರಡೂ ಒಂದೇ ರೋಗನಾ, ಬ್ಯಾರೆ ಬ್ಯಾರೆನಾ? ಗಿರಾಕಿಗಳ ಪಿಡಿಎಫ್ ಎಲ್ಲಾ ಒಳಗವ.

ಬೀದರ್_ಟರ್ಮಿನಲ್:

ಫಾರ್ಮ್ಯಾಟ್ ಬೇಡ. ಲಿನಕ್ಸ್ ಶುರುವಾಗುವಾಗ ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಒಂದು ಪುಟ್ಟ ತಾತ್ಕಾಲಿಕ ವ್ಯವಸ್ಥೆ ರ್‍ಯಾಮ್‌ಗೆ ಇಳಿಯುತ್ತದೆ. ಡಿಸ್ಕ್ ಹುಡುಕಿ, ತಪಾಸಣೆ ಮಾಡಿ, ಮೌಂಟ್ ಮಾಡಿ (ಬಳಕೆಗೆ ಜೋಡಿಸಿ) ಕೊಡುವುದಷ್ಟೇ ಅದರ ಕೆಲಸ. ಡಿಸ್ಕ್ ಸಿಗದಿದ್ದರೆ, ಇಲ್ಲವೇ ತನ್ನಷ್ಟಕ್ಕೆ ರಿಪೇರಿ ಮಾಡಬಾರದಂಥ ದೋಷ ಕಂಡರೆ, ಅಲ್ಲೇ ನಿಂತು ನಿಮ್ಮ ಕೈಗೆ ಶೆಲ್ (ಆಜ್ಞೆ ಟೈಪ್ ಮಾಡುವ ಜಾಗ) ಕೊಡುತ್ತದೆ. ನೀವು ನೋಡುತ್ತಿರುವುದು ಅದನ್ನೇ.

ಅಲ್ಲಿ 'ಎಕ್ಸಿಟ್' ಅಂತ ಟೈಪ್ ಮಾಡಿ ಎಂಟರ್ ಒತ್ತಿ. ನಿಂತ ಕಾರಣವನ್ನು ಮತ್ತೆ ಬರೆದು ತೋರಿಸುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದಿನದೆಲ್ಲ ಆ ಸಾಲಿನ ಮೇಲೆ ನಿಂತಿದೆ.

'ರಿಕ್ವೈರ್ಸ್ ಎ ಮ್ಯಾನ್ಯುಯಲ್ ಎಫ್‌ಎಸ್‌ಸಿಕೆ' ಅಂತ ಬಂದರೆ ಫೈಲ್ ಸಿಸ್ಟಮ್‌ನಲ್ಲಿ (ಡಿಸ್ಕ್ ಮೇಲೆ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ದೋಷ ಕಂಡಿದೆ, ಎಫ್‌ಎಸ್‌ಸಿಕೆ ಎಂಬ ತಪಾಸಣೆ ಆಜ್ಞೆಯನ್ನು ಕೈಯಾರೆ ಕೊಡಬೇಕು ಎಂದರ್ಥ. ಅದೇ ಸಾಲಿನಲ್ಲಿ ಪಾರ್ಟಿಷನ್ ಹೆಸರೂ ಇರುತ್ತದೆ, ಉದಾಹರಣೆಗೆ ಎಸ್‌ಡಿಎ2. ಫೋನಿನಲ್ಲಿ ಹೇಳಿದ ಹಾಗೆ ಬರೆಯುತ್ತೇನೆ: ಎಫ್, ಎಸ್, ಸಿ, ಕೆ ಕೂಡಿಸಿ, ಒಂದು ಸ್ಪೇಸ್, ಅಡ್ಡಗೆರೆಗೆ ಅಂಟಿಸಿ ವೈ, ಒಂದು ಸ್ಪೇಸ್, ಸ್ಲ್ಯಾಶ್ ಡಿಇವಿ ಸ್ಲ್ಯಾಶ್ ಎಸ್‌ಡಿಎ2. ಎಲ್ಲವೂ ಸಣ್ಣಕ್ಷರ. ವೈ ಹಾಕದಿದ್ದರೆ ಒಂದೊಂದು ದೋಷಕ್ಕೂ ಸರಿಪಡಿಸಲೇ ಅಂತ ಕೇಳುತ್ತಾ ಕೂರುತ್ತದೆ. ಕೊನೆಗೆ 'ಫೈಲ್ ಸಿಸ್ಟಮ್ ವಾಸ್ ಮಾಡಿಫೈಡ್' ಅಂದರೆ ಅದೇ ಆಜ್ಞೆಯನ್ನು ಇನ್ನೊಮ್ಮೆ ಕೊಡಿ. 'ಕ್ಲೀನ್' ಅಂದ ಮೇಲೆ 'ರೀಬೂಟ್'.

ಆದರೆ ಪರದೆಯ ಮೇಲೆ 'ಐ/ಓ ಎರರ್' ಸಾಲುಗಳು ಸುರಿಯುತ್ತಿದ್ದರೆ ಈ ಆಜ್ಞೆ ಕೊಡಬೇಡಿ. ಅದು ಡಿಸ್ಕೇ ಸಾಯುತ್ತಿರುವ ಅಥವಾ ಕೇಬಲ್ ಸಡಿಲಾದ ಲಕ್ಷಣ. ಅಂಥ ಡಿಸ್ಕ್ ಮೇಲೆ ರಿಪೇರಿ ಓಡಿಸಿದರೆ ಉಳಿದದ್ದೂ ಹೋಗಬಹುದು. ಮಿಂಟ್ ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಬೂಟ್ ಮಾಡಿ, ಮೊದಲು ಪಿಡಿಎಫ್‌ಗಳನ್ನು ಬೇರೆ ಡ್ರೈವ್‌ಗೆ ತೆಗೆದುಕೊಳ್ಳಿ.

'ಯುಯುಐಡಿ (ಪಾರ್ಟಿಷನ್‌ನ ಗುರುತಿನ ಸಂಖ್ಯೆ) ಡಸ್ ನಾಟ್ ಎಕ್ಸಿಸ್ಟ್' ಅಂತ ಬಂದರೆ ಅದು ಬೇರೆಯೇ ಕಥೆ. ಫೈಲ್ ಸಿಸ್ಟಮ್ ಕೆಟ್ಟಿಲ್ಲ, ಡಿಸ್ಕೇ ಕಾಣುತ್ತಿಲ್ಲ. ಸಾಟಾ ಕೇಬಲ್, ಡಿಸ್ಕಿನ ಪವರ್ ಕೇಬಲ್, ಬಯೋಸ್ ಸೆಟ್ಟಿಂಗ್ ನೋಡಬೇಕು.

ಮಿಂಟ್ ಮಾಮೂಲಿಯಾಗಿ ಬಳಸುವ ಎಕ್ಸ್ಟ್4 ಫೈಲ್ ಸಿಸ್ಟಮ್‌ಗೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಇದೆಯಲ್ಲ, ಆದರೂ ಯಾಕೆ ಹೀಗೆ ಅಂತ ಯಾರಾದರೂ ಕೇಳುತ್ತಾರೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಜರ್ನಲ್ ಕಾಯುವುದು ಫೈಲ್ ಸಿಸ್ಟಮ್‌ನ ಲೆಕ್ಕಪತ್ರವನ್ನು, ನಿಮ್ಮ ಫೈಲಿನ ಒಳಗಿನ ಮಾಹಿತಿಯನ್ನಲ್ಲ. ಕರೆಂಟ್ ಹೋದ ಕ್ಷಣದಲ್ಲಿ ಬರೆಯುತ್ತಿದ್ದ ಫೈಲ್ ಅರ್ಧ ಆಗಬಹುದು. ದಾರಿ ತಪ್ಪಿದ ತುಣುಕುಗಳು ಸಿಕ್ಕರೆ 'ಲಾಸ್ಟ್+ಫೌಂಡ್' ಫೋಲ್ಡರ್‌ಗೆ ಬೀಳುತ್ತವೆ, ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ತೆರೆದು ನೋಡಿ.

ಯಾದಗಿರಿ_ಬೋರ್ಡ್_ರಿಪೇರಿ:

ಮ್ಯಾಲಿನವರು ಹೇಳಿದ್ದು ಖರೆ ಅದ. ಆದ್ರ ಮುಂಜಾನಿ ಬ್ರೌಸರ್ ತಕರಾರು ಅಂದ್ರಲ್ಲ, ಅದು ಬಹಳ ಮಾಡಿ ಮದರ್‌ಬೋರ್ಡ್ ಮ್ಯಾಲಿನ ಸಿಮಾಸ್ ಸೆಲ್ (ಕರೆಂಟ್ ಇಲ್ಲದಾಗ ಗಡಿಯಾರ ನಡಸೋ ಸಣ್ಣ ಬ್ಯಾಟರಿ). ಸೆಲ್ ಸತ್ತಿದ್ರ ತಾರೀಖು ಹಿಂದಕ್ಕ ಹೋಗ್ತದ. ಸೈಟಿನ ಸರ್ಟಿಫಿಕೇಟ್‌ಗೆ ಸುರು ತಾರೀಖು ಇರ್ತದ, ನಿಮ್ಮ ಪಿಸಿ ತಾರೀಖು ಅದಕ್ಕಿಂತ ಹಿಂದ ಇದ್ರ ಬ್ರೌಸರ್ ನಂಬೂದಿಲ್ಲ. ಅಪ್‌ಡೇಟ್ ಮ್ಯಾನೇಜರ್‌ದಾಗ 'ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್' ಅಂತ ಬರೂದೂ ಇದಕ್ಕೇ. ಇಂಟರ್ನೆಟ್ ಹತ್ತಿದ ಮ್ಯಾಲ ಮಿಂಟ್ ತಾನೇ ಟೈಮ್ ತರಿಸಿ ಸರಿ ಮಾಡ್ಕೋತದ, ಅದಕ್ಕ ಸ್ವಲ್ಪ ಹೊತ್ತಿಗೆ ಎಲ್ಲಾ ನೆಟ್ಟಗ ಕಾಣ್ತದ.

ಹಂಗಂತ ಡೆಸ್ಕ್‌ಟಾಪ್ ಗಡಿಯಾರ ನೋಡಿ 'ಸೆಲ್ ಛಲೋ ಅದ' ಅನಬ್ಯಾಡ್ರಿ. ಪಿಸಿ ಬಂದ್ ಇದ್ರೂ ಗ್ವಾಡಿ ಸ್ವಿಚ್ ಚಾಲೂ ಇದ್ರ ಎಸ್‌ಎಂಪಿಎಸ್ (ಪಿಸಿ ಪವರ್ ಸಪ್ಲೈ) 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡ್ತಿರ್ತದ, ಗಡಿಯಾರ ಅದ್ರ ಮ್ಯಾಲೇ ನಡೀತದ. ಸತ್ತ ಸೆಲ್ ಗೊತ್ತೇ ಆಗೂದಿಲ್ಲ. ಕರೆಂಟ್ ಹೋದಾಗ, ಇಲ್ಲಾ ರಾತ್ರಿ ಮೇನ್ ಸ್ವಿಚ್ ಇಳಿಸಿದಾಗ ಮಾತ್ರ ಬಣ್ಣ ಬಯಲಾಗ್ತದ. ರಾತ್ರಿ ಪ್ಲಗ್ ತೆಗೆದಿಡ್ರಿ, ಮುಂಜಾನಿ ಹಾಕಿ ಸೀದಾ ಬಯೋಸ್ ಒಳಗ ಹೋಗಿ (ಡಿಲೀಟ್ ಅಥವಾ ಎಫ್2) ತಾರೀಖು ನೋಡ್ರಿ.

ಸೆಲ್ ನಂಬರ್ ಸಿಆರ್2032, 3 ವೋಲ್ಟ್. ಹೊಸದು ಮಲ್ಟಿಮೀಟರ್ 20 ವೋಲ್ಟ್ ಡಿಸಿ ರೇಂಜ್‌ದಾಗ 3ರ ಮ್ಯಾಲೇ ತೋರಸ್ತದ, 2.8ರ ಕೆಳಗ ಇದ್ರ ಬದಲಿಸ್ರಿ. ಅಂಗಡ್ಯಾಗ 2025 ಕೊಟ್ರ ತಗೋಬ್ಯಾಡ್ರಿ. ಅಗಲ ಅಷ್ಟೇ ಇದ್ರೂ ದಪ್ಪ 2.5 ಮಿಲಿಮೀಟರ್, 2032ದು 3.2, ಕ್ಲಿಪ್‌ದಾಗ ಸಡ್ಲ ಆಗ್ತದ. ಪ್ಲಗ್ ತೆಗೆದು ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು ಆಮ್ಯಾಲ ಸೆಲ್ ತೆಗೀರಿ, ಪ್ಲಸ್ ಗುರುತು ಮ್ಯಾಲ ಬರ್ಲಿ. ಸೆಲ್ ಹಾಕಿದ ಮ್ಯಾಲ ಬಯೋಸ್ ಡೀಫಾಲ್ಟ್‌ಗೆ ಹೋಗಿರ್ತದ: ತಾರೀಖು ಹಾಕ್ರಿ, ಸಾಟಾ ಮೋಡ್ (ಬೋರ್ಡ್ ಡಿಸ್ಕ್ ಜೋಡಿ ಮಾತಾಡೋ ರೀತಿ) ಎಎಚ್‌ಸಿಐ ಇಡ್ರಿ, ಬೂಟ್ ಆಗೋ ವಿಧಾನ ಯುಇಎಫ್‌ಐ ಇಲ್ಲಾ ಲೆಗಸಿ ಯಾವುದ್ರಾಗ ಇನ್‌ಸ್ಟಾಲ್ ಮಾಡಿದ್ರಿ ಅದೇ ಇಡ್ರಿ. ಸಾಟಾ ಮೋಡ್ ರೇಡ್‌ಗೆ ಹೋಗಿದ್ರ ಕೆಲವು ಮಷೀನ್‌ದಾಗ ಲಿನಕ್ಸ್‌ಗೆ ಡಿಸ್ಕೇ ಕಾಣೂದಿಲ್ಲ, ಆವಾಗ ಯುಯುಐಡಿ ಸಾಲು ಬರ್ತದ.

ವಿಂಡೋಸ್ ಜೋಡಿ ಇಟ್ಕೊಂಡವರಿಗೆ ಒಂದು ಮಾತು. ಟೈಮ್ ಸರಿಯಾಗಿ ಐದೂವರೆ ತಾಸು ಫರಕ್ ಬರ್ಲಾಕತ್ತಿದ್ರ ಸೆಲ್ ಬದಲಿಸಬ್ಯಾಡ್ರಿ. ವಿಂಡೋಸ್ ಬೋರ್ಡ್ ಗಡಿಯಾರದಾಗ ನಮ್ಮ ಟೈಮ್ ಬರೀತದ, ಲಿನಕ್ಸ್ ಯುಟಿಸಿ (ಜಾಗತಿಕ ಟೈಮ್) ಬರೀತದ, ಅಷ್ಟೇ.

ಸೇಡಂ_ರೋಡ್:

ಇಬ್ಬರಿಗೂ ಶರಣ್ರಿ. ಎಕ್ಸಿಟ್ ಹೊಡೆದ್ರ 'ಸೂಪರ್‌ಬ್ಲಾಕ್ ಲಾಸ್ಟ್ ಮೌಂಟ್ ಟೈಮ್ ಈಸ್ ಇನ್ ದ ಫ್ಯೂಚರ್' ಅಂತ ಒಂದು ಸಾಲು, ಅದರ ಕೆಳಗ ಮ್ಯಾನ್ಯುಯಲ್ ಅನ್ನೋ ಸಾಲು ಬಂತು. ಐ/ಓ ಎರರ್ ಇಲ್ಲ. ಎಫ್‌ಎಸ್‌ಸಿಕೆ ಓಡಿಸಿದೆ, ಎರಡನೇ ಸಲಕ್ಕ ಕ್ಲೀನ್ ಅಂತು, ಡೆಸ್ಕ್‌ಟಾಪ್ ಬಂತು. ಈಗ ಸಾಫ್ಟ್‌ವೇರ್ ಹಾಕಲಾಕ ಹೋದ್ರ 'ಡಿಪಿಕೆಜಿ ವಾಸ್ ಇಂಟರಪ್ಟೆಡ್' ಅಂತದ. ಡಿಸ್ಕ್ ಛಲೋ ಅದನೋ ಇಲ್ಲೋ ಹ್ಯಾಂಗ ನೋಡೂದು?

ಬೀದರ್_ಟರ್ಮಿನಲ್:

'ಇನ್ ದ ಫ್ಯೂಚರ್' ಸಾಲು ಯಾದಗಿರಿಯವರ ಮಾತಿಗೆ ಸಾಕ್ಷಿ. ಹಿಂದಿನ ಸಲ ಮೌಂಟ್ ಆದ ತಾರೀಖಿಗಿಂತ ಇವತ್ತಿನ ತಾರೀಖು ಹಿಂದಿದೆ ಅಂತ ಅದು ಹೇಳುತ್ತಿದೆ. ಆ ಸಾಲಿನಲ್ಲೇ 'ನೌ' ಅನ್ನುವುದರ ಮುಂದೆ ಬೋರ್ಡ್ ಗಡಿಯಾರದ ತಾರೀಖು ಇರುತ್ತದೆ, ಫೋಟೋದಲ್ಲಿ ನೋಡಿ. ಸೆಲ್ ಬದಲಿಸಿ. ಕೆಳಗಿನ ಮ್ಯಾನ್ಯುಯಲ್ ಸಾಲಿಗೂ ಇದೇ ಕಾರಣ ಇರಬಹುದು: ತಾರೀಖು ಒಂದು ದಿನಕ್ಕಿಂತ ಹೆಚ್ಚು ಹಿಂದಿದ್ದರೆ ತಪಾಸಣೆ ಅದನ್ನು ತನ್ನಷ್ಟಕ್ಕೆ ಸರಿಪಡಿಸದೆ ಮ್ಯಾನ್ಯುಯಲ್ ಕೇಳುತ್ತದೆ.

ಡಿಪಿಕೆಜಿ (ಸಾಫ್ಟ್‌ವೇರ್ ಪ್ಯಾಕೇಜ್ ಹಾಕುವ ಪ್ರೋಗ್ರಾಂ) ದೋಷ ಅಂದರೆ ಅಪ್‌ಡೇಟ್ ನಡೆಯುವಾಗಲೇ ಕರೆಂಟ್ ಹೋಗಿ ಪ್ಯಾಕೇಜ್ ಅರ್ಧಕ್ಕೆ ನಿಂತಿದೆ. ಟರ್ಮಿನಲ್‌ನಲ್ಲಿ: ಸುಡೋ, ಸ್ಪೇಸ್, ಡಿಪಿಕೆಜಿ, ಸ್ಪೇಸ್, ಎರಡು ಅಡ್ಡಗೆರೆಗೆ ಅಂಟಿಸಿ ಕಾನ್ಫಿಗರ್, ಸ್ಪೇಸ್, ಒಂದು ಅಡ್ಡಗೆರೆಗೆ ಅಂಟಿಸಿ ಎ. 'ಕಾನ್ಫಿಗರ್' ಸ್ಪೆಲಿಂಗ್ ಕೊನೆಗೆ ಇ ಇದೆ, ದೋಷದ ಸಾಲಿನಲ್ಲೇ ಇಡೀ ಆಜ್ಞೆ ಬರೆದಿರುತ್ತದೆ, ಅದನ್ನೇ ಕಾಪಿ ಮಾಡಿ. ಆಮೇಲೂ ತಕರಾರು ಮಾಡಿದರೆ ಆಪ್ಟ್‌ನ 'ಫಿಕ್ಸ್ ಬ್ರೋಕನ್' ಇನ್‌ಸ್ಟಾಲ್.

ಡಿಸ್ಕ್‌ಗೆ: ಮೆನುವಿನಲ್ಲಿ 'ಡಿಸ್ಕ್ಸ್' ತೆರೆದು, ಮೂರು ಚುಕ್ಕೆ ಒತ್ತಿ 'ಸ್ಮಾರ್ಟ್ ಡೇಟಾ' (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ). ಮೇಲೆ 'ಡಿಸ್ಕ್ ಈಸ್ ಓಕೆ' ಅಂತ ಬರೆದಿದ್ದರೂ ನಂಬದೆ ಸಾಲು ನೋಡಿ. 5 (ಬದಲಾಯಿಸಿದ ಸೆಕ್ಟರ್), 197 (ಓದಲಾಗದೆ ಬಾಕಿ ಉಳಿದ ಸೆಕ್ಟರ್), 198 (ಸರಿಪಡಿಸಲಾಗದ ಸೆಕ್ಟರ್), ಇವು ಸೊನ್ನೆ ಇದ್ದರೆ ನಿಶ್ಚಿಂತೆ. 197 ಸೊನ್ನೆ ಬಿಟ್ಟು ಬೇರೆ ಇದ್ದರೆ ಇವತ್ತೇ ಕಾಪಿ ಮಾಡಿ. 199 (ಡೇಟಾ ಸಾಗುವಾಗಿನ ದೋಷ) ಏರುತ್ತಿದ್ದರೆ ತಪ್ಪು ಡಿಸ್ಕಿನದಲ್ಲ, ಸಾಮಾನ್ಯವಾಗಿ ಸಾಟಾ ಕೇಬಲಿನದು. ಕೇಬಲ್ ಬದಲಿಸಿದ ಮೇಲೂ ಆ ಅಂಕಿ ಇಳಿಯುವುದಿಲ್ಲ, ಏರದಿದ್ದರೆ ಸಾಕು.

ಮಿಂಟ್‌ನ ಬ್ಯಾಕಪ್ ಸಾಧನ ಟೈಮ್‌ಶಿಫ್ಟ್ ಇದೆಯಲ್ಲ ಅಂತ ಪಿಡಿಎಫ್ ಬಿಟ್ಟುಬಿಡಬೇಡಿ. ಅದು ಕಾಪಾಡುವುದು ಸಿಸ್ಟಮ್ ಫೈಲ್‌ಗಳನ್ನು, ಹೋಮ್ ಫೋಲ್ಡರ್ ಮಾಮೂಲಿಯಾಗಿ ಅದರಲ್ಲಿ ಸೇರುವುದಿಲ್ಲ.

ಯಾದಗಿರಿ_ಬೋರ್ಡ್_ರಿಪೇರಿ:

ಯುಪಿಎಸ್ ತಗೋರಿ, ಇಲ್ಲಾಂದ್ರ ಹೊಳ್ಳಿ ಹೊಳ್ಳಿ ಇದೇ ಆಗ್ತದ. ಒಂದು ಪಿಸಿ, ಒಂದು ಮಾನಿಟರ್‌ಗೆ 600 ವಿಎ ಸಾಕು, ಅದು ಸುಮಾರು 360 ವ್ಯಾಟ್. ಒಳಗ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಇರ್ತದ. ಅದು ಕೆಲಸ ಸೇವ್ ಮಾಡಿ ಬಂದ್ ಮಾಡಲಾಕ, ಅರ್ಜಿ ತುಂಬಲಾಕ ಅಲ್ಲ. ಝೆರಾಕ್ಸ್, ಲೇಸರ್ ಪ್ರಿಂಟರ್ ಅದಕ್ಕ ಹಚ್ಚಲೇಬ್ಯಾಡ್ರಿ. ಒಳಗಿನ ಹೀಟರ್ ಕಾಯುವಾಗ ಒಮ್ಮೆಲೆ ನೂರಾರು ವ್ಯಾಟ್ ಎಳೀತದ, ಯುಪಿಎಸ್ ಓವರ್‌ಲೋಡ್ ಅಂತ ಚೀರಿ ಬಂದ್ ಆಗ್ತದ. ಮನಿ ಇನ್ವರ್ಟರ್ ಮ್ಯಾಲ ನಡಸ್ತೀರಿ ಅಂದ್ರ ಹಿಂದಿನ ಸ್ವಿಚ್ 'ಯುಪಿಎಸ್' ಕಡೆ ಇರ್ಲಿ. 'ಇಕೋ' ಕಡೆ ಇದ್ರ ಬದಲಾಗೋ ಹೊತ್ತಿನಾಗ ಫ್ಯಾನು ನಿಲ್ಲೂದಿಲ್ಲ, ಪಿಸಿ ರೀಸ್ಟಾರ್ಟ್ ಆಗಬಹುದು.

ಇನ್ನೊಂದು: ಪಿಸಿ ಹ್ಯಾಂಗ್ ಆದ್ರ ಸ್ವಿಚ್ ಎಳೀಬ್ಯಾಡ್ರಿ. ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಹಿಡಿದು ಎಸ್, ಯು, ಬಿ ಒಂದೊಂದಾಗಿ ಒತ್ತಿರಿ, ನಡುವ ಎರಡು ಮೂರು ಸೆಕೆಂಡ್ ಬಿಡ್ರಿ. ಮೊದಲಿಂದು ಬಾಕಿ ಇದ್ದದ್ದನ್ನ ಡಿಸ್ಕಿಗೆ ಬರೀತದ, ಎರಡನೇದು ಡಿಸ್ಕ್ ಓದೂದಕ್ಕಷ್ಟೇ ಇಡ್ತದ, ಮೂರನೇದು ರೀಬೂಟ್. ಮಿಂಟ್‌ದಾಗ ಇವು ಮೂರೂ ಮೊದಲಿಂದಲೇ ಚಾಲೂ ಇರ್ತಾವ.