ಅಪ್‌ಡೇಟ್: ಸಿಗ್ನಲ್‌ನಲ್ಲಿ ನಿಂತರೆ ತಣ್ಣಗಾಗುತ್ತಿದ್ದ ಹೀಟರ್ ಸರಿಹೋಯಿತು

ಮಿನಿಯಾಪೊಲಿಸ್‌ನ ಚಳಿಯಲ್ಲಿ ನನ್ನ ಹಳೆಯ ಕಾರಿನ ಹೀಟರ್ ಓಡುವಾಗ ಬಿಸಿ ಗಾಳಿ, ಸಿಗ್ನಲ್‌ನಲ್ಲಿ ನಿಂತ ಕೂಡಲೇ ತಣ್ಣನೆಯ ಗಾಳಿ ಬಿಡುತ್ತಿದೆ, ಏಕಿರಬಹುದು ಎಂದು ಇಲ್ಲಿ ಕೇಳಿದ್ದೆ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರ್ ಕಡೆಗೆ ದಾರಿ ತೆರೆಯುವ ಕವಾಟ) ಬದಲಿಸುವ ಮೊದಲು ಕೂಲಂಟ್ (ಎಂಜಿನ್ ತಣಿಸುವ ದ್ರವ) ನೋಡಿ ಎಂದವರಿಗೆ ಮನಸಾರೆ ಕೃತಜ್ಞತೆ. ನಿಮ್ಮ ಮಾತೇ ನಿಜವಾಯಿತು.

ಎಂಜಿನ್ ಪೂರ್ತಿ ತಣಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದೆ. ಪಕ್ಕದ ಡಬ್ಬಿಯಲ್ಲಿ ಕೂಲಂಟ್ ಗುರುತಿನವರೆಗೂ ಇತ್ತು, ರೇಡಿಯೇಟರ್‌ನಲ್ಲಿ ಮಾತ್ರ ಮೇಲ್ಭಾಗ ಖಾಲಿ! ಮುಚ್ಚಳದ ರಬ್ಬರ್ ಗಟ್ಟಿಯಾಗಿ ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಒತ್ತಡ ನಿಲ್ಲದೆ ಕೂಲಂಟ್ ಸೋರಿ, ಗಾಳಿ ಒಳಸೇರಿ, ಬಿಸಿ ಕೂಲಂಟ್ ಹರಿದು ಕಾರಿನೊಳಗಿನ ಗಾಳಿಯನ್ನು ಬಿಸಿಮಾಡುವ ಹೀಟರ್ ಕೋರ್‌ನಲ್ಲಿ ಕುಳಿತಿತ್ತು. ಎಂಜಿನ್ ನಿಧಾನವಾಗಿ ತಿರುಗುವಾಗ ನೀರಿನ ಪಂಪ್‌ಗೂ ಆ ಗಾಳಿಯನ್ನು ದಾಟಿ ಕೂಲಂಟ್ ತಳ್ಳುವ ಬಲವಿರುವುದಿಲ್ಲ. ಹೀಟರ್‌ಗೆ ಹೋಗುವ ಒಂದು ಪೈಪ್ ಬಿಸಿ, ಹಿಂದಿರುಗುವ ಪೈಪ್ ತಣ್ಣಗೆ ಇದ್ದದ್ದು ಇದಕ್ಕೇ.

ಹೊಸ ಮುಚ್ಚಳ ತಂದೆ. ಕಾರಿನ ಮುಂಭಾಗವನ್ನು ಇಳಿಜಾರಿನಲ್ಲಿ ಮೇಲಕ್ಕಿಟ್ಟು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಆಲಿಕೆಯಿಂದ ಕೂಲಂಟ್ ತುಂಬುತ್ತಾ ಎಂಜಿನ್ ಓಡಿಸಿದೆ. ಥರ್ಮೋಸ್ಟಾಟ್ ತೆರೆದಾಗ ಗುಳುಗುಳು ಗುಳ್ಳೆಗಳೆದ್ದು ಕೂಲಂಟ್ ಸರಕ್ಕನೆ ಇಳಿಯಿತು. ಗುಳ್ಳೆ ನಿಲ್ಲುವವರೆಗೂ ತುಂಬುತ್ತಲೇ ಹೋದೆ. ಕೂಲಂಟ್ ಮತ್ತು ಶುದ್ಧ ನೀರು ಸಮಪಾಲಿನಲ್ಲಿದ್ದರೆ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟುವುದಿಲ್ಲ. ಇಲ್ಲಿ ಬರೀ ನೀರು ಸುರಿಯುವುದು ಎಂಜಿನ್‌ಗೇ ಅಪಾಯ.

ಈಗ ನಿಂತಾಗಲೂ ಹಿತವಾದ ಬಿಸಿ ಗಾಳಿ ಬರುತ್ತಿದೆ. ನಿಮ್ಮಲ್ಲಿ ಯಾರಿಗಾದರೂ ಗುಳ್ಳೆಗಳು ನಿಲ್ಲದಿದ್ದರೆ, ಕೂಲಂಟ್ ಮತ್ತೆ ಇಳಿದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಭಾಗಗಳ ನಡುವಿನ ಸೀಲ್) ಪರೀಕ್ಷೆ ಮಾಡಿಸಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನಂತೂ ದಯವಿಟ್ಟು ಮುಟ್ಟಬೇಡಿ.