ಟ್ಯಾಪೆಟ್ ಸೌಂಡ್ ಹೋಯ್ತು, ಈಗ ಬೆಳಗ್ಗೆ ಬೈಕ್ ಸ್ಟಾರ್ಟೇ ಆಗ್ತಿಲ್ಲ

ಪ್ರಶ್ನೆ: ಅಣ್ಣ ನಮಸ್ಕಾರ, ನಂದು 100 ಸಿಸಿ ಬೈಕು, ಮಲಗಿಸಿರೋ ಇಂಜಿನ್. ಹೆಡ್ಡಲ್ಲಿ ಟಕ ಟಕ ಸೌಂಡ್ ಬರ್ತಿತ್ತು ಅಂತ ಇಲ್ಲೇ ಒಂದು ಗ್ಯಾರೇಜಲ್ಲಿ ಟ್ಯಾಪೆಟ್ (ವಾಲ್ವ್ ಒತ್ತೋ ಸ್ಕ್ರೂ) ಟೈಟ್ ಮಾಡಿಸ್ದೆ, ಸೌಂಡ್ ಪೂರ್ತಿ ನಿಂತೋಯ್ತು. ಆದ್ರೆ ಈಗ ಬೆಳಗ್ಗೆ ಕಿಕ್ ಹೊಡ್ದು ಹೊಡ್ದು ಸಾಕಾಗುತ್ತೆ, ಬಿಸಿ ಆದ್ಮೇಲೆ ಐಡ್ಲಿಂಗ್ ನಿಲ್ಲಲ್ಲ, ಪಿಕಪ್ಪೂ ಇಲ್ಲ. ಕಾರ್ಬುರೇಟರ್ ಬಿಚ್ಚಬೇಕು ಅಂತಿದ್ದಾರೆ, ಬಿಚ್ಚಿಸ್ಲಾ?

ಉತ್ತರ: ಕಾರ್ಬುರೇಟರ್ ಸದ್ಯಕ್ಕೆ ಮುಟ್ಟಬೇಡಿ. ಕಿಕ್ಕರ್‌ನ ನಿಧಾನಕ್ಕೆ ಒತ್ತಿ ನೋಡಿ, ಒಂದು ಕಡೆ ಗಟ್ಟಿಯಾಗಿ ತಡೀಬೇಕು, ಸಲೀಸಾಗಿ ಇಳ್ದೋದ್ರೆ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನಿಲ್ತಿಲ್ಲ ಅಂತ. ನನ್ನ ಪ್ರಕಾರ ಸೌಂಡ್ ನಿಲ್ಲಿಸೋ ಭರದಲ್ಲಿ ಸ್ಕ್ರೂಗೂ ವಾಲ್ವಿಗೂ ಮಧ್ಯ ಗ್ಯಾಪೇ ಇಲ್ದಂಗೆ ಟೈಟ್ ಮಾಡಿದ್ದಾರೆ.

ನಿಮ್ಮ ಗಾಡೀಲಿ ಕ್ಯಾಮ್ (ಉಬ್ಬು ಇರೋ ಶಾಫ್ಟ್) ಹೆಡ್ ಒಳಗೇ ಇರುತ್ತೆ, ಚೈನಲ್ಲಿ ತಿರುಗುತ್ತೆ, ಕ್ರ್ಯಾಂಕ್ ಎರಡು ಸುತ್ತು ಬಂದ್ರೆ ಅದು ಒಂದು ಸುತ್ತು. ಕ್ಯಾಮಿನ ಉಬ್ಬು ರಾಕರ್ ಆರ್ಮಿನ ಒಂದು ತುದಿ ಎತ್ತುತ್ತೆ, ಇನ್ನೊಂದು ತುದೀಲಿರೋ ಸ್ಕ್ರೂ ವಾಲ್ವ್‌ನ (ಗಾಳಿ-ಪೆಟ್ರೋಲ್ ಒಳಗೆ, ಹೊಗೆ ಹೊರಗೆ ಬಿಡೋ ಬಾಗಿಲು) ಒತ್ತಿ ತೆಗೆಯುತ್ತೆ, ವಾಪಸ್ ಮುಚ್ಚೋದು ಸ್ಪ್ರಿಂಗ್ ಕೆಲಸ. 6000 ಆರ್‌ಪಿಎಮ್‌ನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆಗೆದು ಮುಚ್ಚಬೇಕು. ಬಿಸಿಗೆ ವಾಲ್ವ್ ಉದ್ದ ಆಗುತ್ತಲ್ಲ, ಅದಕ್ಕೇ ಸ್ಕ್ರೂಗೂ ವಾಲ್ವಿಗೂ ಮಧ್ಯ ಚೂರು ಗ್ಯಾಪ್ ಬಿಡೋದು, ಎಕ್ಸಾಸ್ಟ್ (ಹೊಗೆ ಹೋಗೋ) ವಾಲ್ವ್ ಜಾಸ್ತಿ ಕಾಯೋದ್ರಿಂದ ಎಷ್ಟೋ ಗಾಡೀಲಿ ಅದಕ್ಕೆ ಜಾಸ್ತಿ ಗ್ಯಾಪ್. ಗ್ಯಾಪ್ ಇಲ್ಲ ಅಂದ್ರೆ ವಾಲ್ವ್ ಪೂರ್ತಿ ಮುಚ್ಚೋದೇ ಇಲ್ಲ, ಕಂಪ್ರೆಷನ್ ಸೋರುತ್ತೆ. ಇನ್ನೊಂದು, ವಾಲ್ವ್ ತನ್ನ ಬಿಸಿ ಬಿಡೋದೇ ಸೀಟಿಗೆ (ಮುಚ್ಚಿದಾಗ ವಾಲ್ವ್ ಕೂರೋ ರಿಂಗ್) ಕೂತಾಗ, ಕೂರೋಕೆ ಬಿಡ್ಲಿಲ್ಲ ಅಂದ್ರೆ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟೇ ಹೋಗುತ್ತೆ. ಲೂಸ್ ಇದ್ರೆ ಸೌಂಡ್ ಮಾಡಿ ಹೇಳುತ್ತೆ, ಟೈಟ್ ಆದ್ರೆ ಹೇಳದೆ ಕೇಳದೆ ಹೆಡ್ ಕೆಲಸಕ್ಕೆ ತರುತ್ತೆ. ಸಣ್ಣಗೆ ಟಿಕ್ ಟಿಕ್ ಇದ್ರೆ ಇರ್ಲಿ ಬಿಡಿ!

ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾಡಿಸಿ, ರಾತ್ರಿ ಗಾಡಿ ಬಿಟ್ಟು ಬಂದ್ರೆ ಒಳ್ಳೇದು. ಮ್ಯಾಗ್ನೆಟ್ ಮೇಲಿನ ಟಿ ಗುರುತು (ಪಿಸ್ಟನ್ ತುದಿಗೆ ಬಂದಿದೆ ಅಂತ ತೋರಿಸೋದು) ಕೂರಿಸಿದಾಗ ಎರಡೂ ರಾಕರ್ ಕೈಗೆ ಅಲ್ಲಾಡ್ಬೇಕು, ಟೈಟ್ ಇದ್ರೆ ಇನ್ನೊಂದು ಸುತ್ತು ತಿರುಗಿಸಿ ನೋಡೋದು. ಗ್ಯಾಪ್ ಎಷ್ಟು ಅಂತ ನಿಮ್ಮ ಮಾಡೆಲ್ ಮ್ಯಾನ್ಯುಯಲಲ್ಲಿ ನೋಡ್ಕೊಳಿ, ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಪಟ್ಟಿ) ಹಾಕಿ ಸೆಟ್ ಮಾಡೋರ ಹತ್ರಾನೇ ಹೋಗಿ, ಕೈ ಅಂದಾಜು ಬೇಡ. ಲಾಕ್ ನಟ್ ಟೈಟ್ ಮಾಡುವಾಗ ಸ್ಕ್ರೂ ತಿರುಗಿಬಿಡುತ್ತೆ, ಆಮೇಲೂ ಒಂದ್ಸಲ ಗೇಜ್ ಹಾಕಲೇಬೇಕು. ಇಷ್ಟಾದ್ಮೇಲೂ ಕಿಕ್ಕರ್ ಗಟ್ಟಿ ಬರ್ಲಿಲ್ಲ ಅಂದ್ರೆ ಮಾತ್ರ ಹೆಡ್ ಬಿಚ್ಚೋ ಮಾತು.

ಪ್ರಶ್ನೆ: ಸರ್ ನಂದು ಎಲ್‌ಪಿಜಿ ಆಟೋ, ಯಾರೂ ಮುಟ್ಟದೇನೇ ಟ್ಯಾಪೆಟ್ ಟೈಟ್ ಆಗಿದೆ ಅಂತಾರೆ, ನಿಜಾನಾ? ಸವೆದ್ರೆ ಲೂಸ್ ಆಗ್ಬೇಕಲ್ವಾ?

ಉತ್ತರ: ನಿಜ ಸರ್. ಸ್ಕ್ರೂ, ರಾಕರ್ ಸವೆದ್ರೆ ಲೂಸ್, ಆದ್ರೆ ವಾಲ್ವ್ ಸೀಟ್ ಸವೆದ್ರೆ ವಾಲ್ವ್ ಹೆಡ್ ಒಳಕ್ಕೆ ಇನ್ನೂ ಆಳಕ್ಕೆ ಕೂರುತ್ತೆ, ಅದರ ಕಡ್ಡಿ ರಾಕರ್ ಕಡೆಗೆ ಬರುತ್ತೆ, ಗ್ಯಾಪ್ ಕಮ್ಮಿ ಆಗುತ್ತೆ. ಗ್ಯಾಸಲ್ಲಿ ಸೀಟ್ ಸವೆತ ಪೆಟ್ರೋಲ್‌ಗಿಂತ ಜಾಸ್ತಿ. ಸೌಂಡ್ ಬರ್ಲಿ ಅಂತ ಕಾಯ್ಬೇಡಿ, ಪ್ರತಿ ಸರ್ವಿಸಲ್ಲೂ ಗ್ಯಾಪ್ ನೋಡಿಸಿ.

ಪ್ರಶ್ನೆ: ಗುರು, ನನ್ನ 2014ರ ಬುಲೆಟ್‌ಗೂ ಇದೇ ಸೆಟ್ಟಿಂಗಾ?

ಉತ್ತರ: ಇಲ್ಲ, ಅದು ಬೇರೆ. ಕ್ಯಾಮ್ ಕೆಳಗಡೆ, ಅಲ್ಲಿಂದ ಪುಶ್‌ರಾಡ್ (ಉದ್ದ ಕಡ್ಡಿ) ಮೇಲಕ್ಕೆ ಹೋಗಿ ರಾಕರ್ ತಳ್ಳುತ್ತೆ, ಜೊತೆಗೆ ಹೈಡ್ರಾಲಿಕ್ ಟ್ಯಾಪೆಟ್, ಆಯಿಲ್ ಪ್ರೆಷರಲ್ಲಿ ಗ್ಯಾಪ್ ತಾನೇ ತುಂಬ್ಕೊಳುತ್ತೆ, ಸೆಟ್ ಮಾಡೋ ಸ್ಕ್ರೂನೇ ಇಲ್ಲ. ತುಂಬ ದಿನ ನಿಲ್ಲಿಸಿ ಸ್ಟಾರ್ಟ್ ಮಾಡ್ದಾಗ ಸ್ವಲ್ಪ ಹೊತ್ತು ಟಕ ಟಕ ಅಂದು ನಿಂತ್ರೆ ತಲೆ ಕೆಡಿಸ್ಕೊಬೇಡಿ, ನಿಲ್ಲದೇ ಇದ್ರೆ ಮೊದಲು ಆಯಿಲ್ ಲೆವೆಲ್ ನೋಡಿ. ಹಳೇ ಕಾಸ್ಟ್ ಐರನ್ ಬುಲೆಟ್ ಆದ್ರೆ ಸೈಡಲ್ಲಿ ಟ್ಯಾಪೆಟ್ ಬಾಗಿಲು ತೆಗೆದು ತಣ್ಣಗಿದ್ದಾಗ ಕೈಯಲ್ಲೇ ಸೆಟ್ ಮಾಡ್ಬಹುದು, ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗ್ಬೇಕು ಆದ್ರೆ ಮೇಲೆ ಕೆಳಗೆ ಆಟ ಇರ್ಬಾರ್ದು. ಇದಕ್ಕೆ ಮಾತ್ರ ಗೇಜ್ ಬೇಡ.