ಅಪ್‌ಡೇಟ್: ಮಕ್ಕಳ ಸಂಭ್ರಮಕ್ಕೆ ಕಾಗದದ ಅಲಂಕಾರ ಮತ್ತು ತಿನಿಸು

ರಜೆಯಲ್ಲಿ ಮಕ್ಕಳ ಸಂಭ್ರಮಕೂಟಕ್ಕೆ ಕಾಗದದ ಅಲಂಕಾರವನ್ನೂ ಓವನ್ ಬೇಡದ ತಿನಿಸನ್ನೂ ಮನೆಯಲ್ಲೇ ಮಾಡುವುದು ಹೇಗೆಂದು ಕೇಳಿದ್ದೆ. ಅಂಟು ತಾಗಿದೊಡನೆ ಕಾಗದ ಸುಕ್ಕುಗಟ್ಟುವುದೇ ಮುಖ್ಯ ತೊಡಕಾಗಿತ್ತು. ನೀವು ಸೂಚಿಸಿದಂತೆ ಗ್ಲೂ ಸ್ಟಿಕ್ ಬಳಸಿದೆವು. ಅದರಲ್ಲಿ ನೀರಿನಂಶ ಕಡಿಮೆಯಿರುವುದರಿಂದ ಕಾಗದದ ನಾರುಗಳು ಉಬ್ಬದೆ, ಅಲಂಕಾರಕ್ಕೆ ಮಾಡಿದ ಸರಪಳಿಯ ಉಂಗುರಗಳು ನಯವಾಗಿಯೇ ಉಳಿದವು.

ಎಲ್ಲಕ್ಕಿಂತ ಹೆಚ್ಚು ರಂಜಿಸಿದ್ದು ಆರು ಮೂಲೆಯ ನಕ್ಷತ್ರ. ಹಾಳೆಯನ್ನು ಅರ್ಧಕ್ಕೆ ಮಡಚಿ, ಮಡಿಕೆಯ ನಡುಬಿಂದುವಿನಿಂದ ತಲಾ 60 ಡಿಗ್ರಿಯ ಮೂರು ಪಾಲಾಗುವಂತೆ ಒಂದರ ಮೇಲೊಂದು ಮಡಚಿ, ಮತ್ತೊಮ್ಮೆ ಅರ್ಧ ಮಾಡಿ, ತುದಿಯನ್ನು ಓರೆಯಾಗಿ ಕತ್ತರಿಸಿ ಬಿಡಿಸಿದರೆ ನಕ್ಷತ್ರ ಅರಳುತ್ತದೆ. ಇದಕ್ಕೆ 80 ಜಿಎಸ್‌ಎಂನ (ಚದರ ಮೀಟರಿಗೆ 80 ಗ್ರಾಂ ತೂಗುವ) ಸಾಮಾನ್ಯ ಹಾಳೆಯೇ ಸರಿ. ದಪ್ಪ ಕಾಗದದ 12 ಪದರಗಳು ಮಕ್ಕಳ ಮೊಂಡು ಕತ್ತರಿಗೆ ಜಗ್ಗುವುದಿಲ್ಲ.

ತಿನಿಸಾಗಿ ಕರಗಿಸಿದ ಚಾಕೊಲೇಟ್‌ನಲ್ಲಿ ಬಿಸ್ಕತ್ತುಗಳನ್ನು ಅದ್ದಿ ಆರಿಸಿದೆವು. ಹನಿ ನೀರು ಬಿದ್ದರೂ ಚಾಕೊಲೇಟ್ ಗಂಟುಕಟ್ಟುತ್ತದೆಂಬ ನಿಮ್ಮ ಎಚ್ಚರಿಕೆಯಂತೆ ಬಟ್ಟಲು, ಚಮಚಗಳನ್ನು ಮೊದಲೇ ಒರೆಸಿಟ್ಟಿದ್ದೆವು. ಐದು ವರ್ಷದೊಳಗಿನವರೂ ಇದ್ದುದರಿಂದ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದ ಇಡೀ ಬಾದಾಮಿಯನ್ನು ಕೈಬಿಟ್ಟು ಪುಡಿಯನ್ನಷ್ಟೇ ಉದುರಿಸಿದೆವು. ಹಂಚಲು ಬಳಸಿದ ಕಾಗದದ ಶಂಕುಗಳಿಗೆ ಒಳಗಡೆ ಬಟರ್ ಪೇಪರ್ ಹಾಸಿದ್ದರಿಂದ ಜಿಡ್ಡು ಹೊರಗೆ ಇಳಿಯಲಿಲ್ಲ.